ಹಳಿ ಕತ್ತರಿಸಿ ಮಾಡಿದ ಬಾಗಿಲು

ಅಡುಗೆಮನೆಯ ಕಪಾಟು ಮಾಡುವುದರಲ್ಲಿ ಅಳಿಯನದು ಎತ್ತಿದ ಕೈ. ಆದರೆ ಮಾವ ತಮ್ಮ ಆಟದ ರೈಲಿನ ಕೋಣೆಯಲ್ಲಿ ಒಂದು ಮೊಳೆ ಹೊಡೆಯಲೂ ಅವನನ್ನು ಬಿಟ್ಟವರಲ್ಲ. ಅಂಥವರು ಒಂದು ದಿನ ಹಾಸಿಗೆಯ ಪಕ್ಕಕ್ಕೆ ಕರೆದು, "ಅಳಿಯಂದ್ರೇ, ಮೇಜು ಕತ್ತರಿಸಿ ನನಗೊಂದು ದಾರಿ ಮಾಡ್ಕೊಡಿ," ಎಂದಾಗ ಇವನಿಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಕೋಣೆಯ ನಾಲ್ಕೂ ಗೋಡೆಗುಂಟ ಮರದ ಮೇಜು. ಅದರ ಮೇಲೆ ಅಂಗೈಯಲ್ಲಿ ಹಿಡಿಸುವಂಥ ಬೋಗಿಗಳ ರೈಲು, ಬೆಟ್ಟ, ಸುರಂಗ, ಸ್ಟೇಷನ್ನು. ಹಳಿ ಎಲ್ಲೂ ತುಂಡಾಗದೆ ಸುತ್ತು ಬರಬೇಕೆಂದು ಮಾವ ಬಾಗಿಲ ಎದುರೂ ಮೇಜು ಹಾಯಿಸಿದ್ದರು. ರೈಲು ಓಡಿಸುವ ಪೆಟ್ಟಿಗೆ ಇರುವುದು ನಡುವಿನ ಜಾಗದಲ್ಲಿ. ಅಲ್ಲಿಗೆ ಹೋಗಬೇಕೆಂದರೆ ರಾಜನಾದರೂ ಮೇಜಿನಡಿ ನುಸುಳಬೇಕು. ವರ್ಷಗಟ್ಟಲೆ ಮಾವ ನುಸುಳಿದರು. ಈಗ ಕಾಲಿನ ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದಿದ್ದಾರೆ. ಮುಂದಿನ ಸರದಿ ಕೈಯದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದಾರೆ. ಕೈ ಮಾತು ಕೇಳುತ್ತಿರುವಾಗಲೇ ಒಮ್ಮೆ ಅಲ್ಲಿ ಕೂತು ಗಾಡಿ ಓಡಿಸಬೇಕು ಎನ್ನುವುದೊಂದೇ ಅವರ ಹಂಬಲ.

ಅಳಿಯ ತಲೆ ಕೆಡಿಸಿಕೊಂಡು ಕೂತ. ಮೇಲೆತ್ತುವ ಹಲಗೆ ಮಾಡಿದರೆ ಅದರ ಮೇಲಿನ ಪುಟ್ಟ ಸೇತುವೆ ಪಕ್ಕದ ಬೆಟ್ಟಕ್ಕೆ ಬಡಿಯುತ್ತದೆ. ಕೆಳಗೆ ಮಡಚಿದರೆ ಕುರ್ಚಿಯ ದಾರಿಗೇ ಅಡ್ಡ ಜೋತುಬೀಳುತ್ತದೆ. ಪೂರ್ತಿ ಕಳಚಿ ಎತ್ತಿಡೋಣವೆಂದರೆ, ಮತ್ತೆ ಕೂಡಿಸುವಾಗ ಹಳಿಯ ತುದಿ ಕೂದಲೆಳೆಯಷ್ಟು ಜರುಗಿದರೂ ಗಾಡಿ ಮಗುಚುವುದು ಖಂಡಿತ. ಕೊನೆಗೆ ತನ್ನ ಕಸುಬಿನ ಉಪಾಯಕ್ಕೇ ಬಂದ. ಕಪಾಟಿನ ಬಾಗಿಲಿನ ಹಾಗೆ, ಹಳಿಯ ಸಮೇತ ಪಕ್ಕಕ್ಕೆ ತಿರುಗುವ ಮೇಜಿನ ತುಂಡು! ತಿರುಗುವಾಗ ಅಂಚು ಉಜ್ಜದಿರಲೆಂದು ಓರೆಯಾಗಿ ಕೊಯ್ದ. ಭಾರಕ್ಕೆ ಜಗ್ಗದಿರಲೆಂದು ಅದರ ಕೆಳಗೊಂದು ಚಕ್ರ ಕೊಟ್ಟ.

"ರೀ, ಅಳತೆ ಸರಿಯಾಗಿ ನೋಡ್ಕೊಳ್ಳಿ. ಆಮೇಲೆ ಕೆತ್ತಿ ತುರುಕೋಕೆ ಅದೇನು ನಿಮ್ಮ ಕಪಾಟಲ್ಲ," ಎಂದು ಹೆಂಡತಿ ಕುಟುಕಿದಳು.

ಅವನು ಕುರ್ಚಿಯ ಅಗಲ ಅಳೆದ. ಗಾಲಿ ತಳ್ಳುವಾಗ ಮಾವನ ಬೆರಳ ಗೆಣ್ಣು ತರಚದಂತೆ ಎರಡೂ ಕಡೆ ಜಾಗ ಬಿಟ್ಟ. ನಡುವಿನ ನೆಲದ ಉಬ್ಬುತಗ್ಗು ತೆಗೆದ. ಮರದ ಧೂಳು ಮಾವನ ಉಸಿರಿಗೆ ಆಗದೆಂದು ಕೆಲಸ ಮುಗಿಯುವವರೆಗೂ ಅವರನ್ನು ಅತ್ತ ಸುಳಿಯಗೊಡಲಿಲ್ಲ.

ಕೆಲಸ ಮುಗಿದ ದಿನ ಮಗಳು ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಬೆರಳ ತುದಿಯಿಂದ ತಳ್ಳಿದ್ದಕ್ಕೇ ಮೇಜಿನ ಬಾಗಿಲು ತೆರೆದುಕೊಂಡಿತು. ಕುರ್ಚಿ ಎಲ್ಲೂ ತಾಗದೆ ಒಳಗೆ ಹೋಯಿತು.

"ಭೇಷ್, ಅಳಿಯಂದ್ರೇ!"

ಮದುವೆಯಾದಾಗಿನಿಂದ ಅವನು ಆ ಒಂದು ಮಾತಿಗೆ ಬಾಯಿಬಿಟ್ಟುಕೊಂಡು ಕಾದಿದ್ದ. ಹಿಗ್ಗಿನಿಂದಲೇ ತಾನೂ ಒಳಗೆ ಬಂದು ಬಾಗಿಲು ಮುಚ್ಚಿ ಚಿಲಕ ಹಾಕಿದ. ಚಿಲಕ ಬಿದ್ದರೆ ಮಾತ್ರ ಹಳಿಗೆ ಕರೆಂಟು. ಬಾಗಿಲು ತೆರೆದಿರುವಾಗ ಗಾಡಿ ಬಂದು ನೆಲಕ್ಕೆ ಧುಮುಕಬಾರದಲ್ಲ, ಅದನ್ನೂ ಯೋಚಿಸಿದ್ದ ಜಾಣ.

ಮಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿ ತಿರುಗಿಸಿದರು. ಗಾಡಿ ಹೊರಟಿತು. ಅವರು ಕತ್ತು ಎತ್ತಿದರು. ಇನ್ನೂ ಎತ್ತಿದರು.

"ಎಲ್ಲಿದೆ?"

ಅಳಿಯ ಬಗ್ಗಿ ಮಾವನ ಕಣ್ಣಿನ ಮಟ್ಟದಿಂದ ನೋಡಿದ. ನುಸುಳುವಾಗ ಬೆನ್ನು ಹೆಚ್ಚು ಬಗ್ಗದಿರಲೆಂದು ಮಾವನೇ ಹಿಂದೊಮ್ಮೆ ಇಡೀ ಮೇಜನ್ನು ಎದೆಮಟ್ಟಕ್ಕೆ ಏರಿಸಿಕೊಂಡಿದ್ದರು. ನಿಂತವರ ಎದೆಮಟ್ಟ ಅದು. ಕೂತವರಿಗೆ ಕಣ್ಣಿಗಿಂತ ಮೇಲೆ. ಅಷ್ಟೆಲ್ಲ ಅಳೆದ ಮಹಾನುಭಾವ ಕುರ್ಚಿಯಲ್ಲಿ ಕೂತವರ ಕಣ್ಣು ಎಲ್ಲಿಗೆ ಬರುತ್ತದೆಂದು ಅಳೆದಿರಲಿಲ್ಲ. ಈಗ ಮಾವನ ಸುತ್ತ ಇದ್ದದ್ದು ಹಲಗೆಯ ಅಂಚು, ಸ್ಕ್ರೂ, ನೇತಾಡುವ ತಂತಿ. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ.

ಮಾವನ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ. ಅಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತ್ತು. ಅದು ಹೊರಬರುವ ಮೊದಲೇ ಮಾವ, "ಇಳಿಸಿ, ಇಳಿಸಿ, ತಡೆಯೋಕಾಗ್ತಿಲ್ಲ," ಎಂದು ನರಳಿದರು. ಕುರ್ಚಿಯನ್ನು ಎತ್ತರಿಸೋಣವೆಂದರೆ ಇಳಿಜಾರು ಕಟ್ಟಲು ಅಲ್ಲಿ ಜಾಗವೇ ಇಲ್ಲ. ಎತ್ತರದ ಸ್ಟೂಲಿನ ಮೇಲೆ ಅವರ ಬೆನ್ನು ನಿಲ್ಲದು.

"ಮೇಜಿನ ಕಾಲು ಕುಯ್ದು ಎಲ್ಲಾನೂ ತಗ್ಗಿಸ್ತೀನಿ ಮಾವ."

"ಬೆಟ್ಟ ಗೋಡೆಗೆ ಅಂಟಿದೆಯಲ್ಲಪ್ಪಾ. ಎಲ್ಲ ಒಡೆದು ಮತ್ತೆ ಕಟ್ಟೋಕೆ ವರ್ಷ ಬೇಕು. ಈ ಕೈಗಳಿಗೆ ಅಷ್ಟು ಪುರುಸೊತ್ತಿಲ್ಲ."

ಹೊಸಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಗಾಡಿ ಕಟಕಟ ಸದ್ದು ಮಾಡುತ್ತ ಸುತ್ತುತ್ತಿತ್ತು. ಮಾವ ಸ್ವಲ್ಪ ಹೊತ್ತು ಆ ಸದ್ದು ಹೋದತ್ತ ಮುಖ ತಿರುಗಿಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

"ನನ್ನ ಆಚೆ ಕರ್ಕೊಂಡ್ಹೋಗಿ."

"ಇನ್ನೊಂದು ಸುತ್ತು ಬರಲಿ ಮಾವ."

"ಬಾಗಿಲು ತೆಗೆದ್ರೆ ಗಾಡಿ ನಿಂತುಬಿಡುತ್ತೆ, ಅಲ್ವಾ?"

"ಹೂಂ."

"ತೆಗೀರಿ."