ತೋಳನ ದಿನಗಳಲ್ಲಿ ಪಾಶಾನ ಉಗುರು

ನಮ್ಮ ಬೆಕ್ಕು ಪಾಶಾ ಕುಂಟುತ್ತಿದ್ದುದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಸೆಪ್ಟೆಂಬರಿನಿಂದ ನನಗೆ ಎಲ್ಲವೂ ಹಾಗೆಯೇ. ಹಾಲು ಉಕ್ಕಿದರೆ ಒಲೆ ಒರೆಸುತ್ತೇನೆ, ಅಷ್ಟೇ. ನನ್ನ ಗಂಡ ಲ್ಯುಬೆನ್ ಹಾಲಿನ ವ್ಯಾನು ಓಡಿಸುತ್ತಿದ್ದ. ಆ ತಿಂಗಳು ಬೆಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಅತ್ತೆ ಊರಿಗೆಲ್ಲ ಕೇಳುವಂತೆ ಅತ್ತರು. ನಾನು ರೂಢಿಯಂತೆ ಗೋಧಿ ಬೇಯಿಸಿ, ಸಕ್ಕರೆ ಹಾಕಿ, ಮಣ್ಣಿಗೆ ಬಂದವರಿಗೆಲ್ಲ ಹಂಚಿದೆ.

ಬೆಕ್ಕು ಅವನದು. ಅದರ ಉಗುರು ಕತ್ತರಿಸುವುದೂ ಅವನದೇ ಕೆಲಸವಾಗಿತ್ತು. ನವೆಂಬರಿನ ಒಂದು ಭಾನುವಾರ ಪಂಜ ಹಿಡಿದು ನೋಡಿದರೆ ಹೆಬ್ಬೆರಳಿನ ಉಗುರು ಸುರುಳಿ ಸುತ್ತಿ ಅದರದೇ ಮೆತ್ತನೆಯ ಚರ್ಮಕ್ಕೆ ಚುಚ್ಚುತ್ತಿತ್ತು. ಪಶುವೈದ್ಯೆಗೆ ಫೋನ್ ಮಾಡಿದೆ.

"ಒಳಗೆ ಹೊಕ್ಕಿದ್ಯಾ? ಇಲ್ವಾ? ಹಾಗಾದ್ರೆ ಇವತ್ತೇ ತುದಿ ಕತ್ತರಿಸಿಬಿಡಿ. ಹೊಕ್ಕಿತು ಅಂದ್ರೆ ಕೀವಾಗುತ್ತೆ, ಕಾಲಿಗೇ ಸಂಚಕಾರ."

ಲ್ಯುಬೆನ್ ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಅದೊಂದೇ. ಅದು ನನ್ನ ಅಸಡ್ಡೆಯಿಂದ ಹೆಳವಾಗುವುದು ನನಗೆ ಬೇಕಿರಲಿಲ್ಲ.

ಆದರೆ ಕತ್ತರಿಗಳೆಲ್ಲ ಒಲೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದವು. ಬೆಕ್ಕಿನ ಪುಟ್ಟ ಕತ್ತರಿಯನ್ನೂ ಬಿಡದೆ ಅತ್ತೆ ಎಲ್ಲದರ ಬಾಯಿ ಮುಚ್ಚಿಸಿ ಕೆಂಪು ದಾರದಿಂದ ಬಿಗಿದಿದ್ದರು. ತೋಳಕ್ಕೆ ಹೆದರಿ ಊರು ಆಚರಿಸುವ ನವೆಂಬರಿನ ತೋಳನ ದಿನಗಳಲ್ಲಿ ಕತ್ತರಿ ಬಾಯಿ ತೆರೆದರೆ ತೋಳವೂ ಬಾಯಿ ತೆರೆಯುತ್ತದಂತೆ. ಮನೆಯಿಂದ ದಾರಿಗಿಳಿದವರು ಅದರ ಪಾಲಂತೆ.

"ಮುಟ್ಬೇಡ," ಎಂದರು ಅತ್ತೆ ಸ್ತೊಯ್ನಾ, ಕಿಟಕಿಯ ಬಳಿ ಅಕ್ರೋಟು ಒಡೆಯುತ್ತಾ. "ಕುಂಟ ತೋಳನ ದಿನ ಇನ್ನೂ ಬಂದಿಲ್ಲ. ಕೊನೇಗೆ ಬರೋನು ಅವನೇ, ಎಲ್ರಿಗಿಂತ ಕೆಟ್ಟೋನು. ಅವನೊಬ್ಬ ದಾಟ್ಲಿ."

"ಕುಂಟ್ತಿರೋದು ಬೆಕ್ಕು ಅತ್ತೆ, ತೋಳ ಅಲ್ಲ."

"ಅಬ್ಬಬ್ಬಾ, ನಾಲಿಗೆ ನೋಡು ಇವಳ್ದು! ಮೊದಲು ಅದನ್ನ ಕಟ್ಟಿಡಬೇಕಿತ್ತು."

"ಇನ್ನೂ ಯಾರಿಗೋಸ್ಕರ ಕಟ್ತೀರಿ?" ಎಂದೆ. "ಪ್ರತಿ ವರ್ಷ ಕಟ್ಟಿದ್ರಲ್ಲ ನಿಮ್ಮ ಮಗನಿಗೆ ಅಂತ. ತೋಳ ನವೆಂಬರಿನವರೆಗೂ ಕಾದಿತ್ತಾ?"

ಅವರ ಕೈಯಲ್ಲಿದ್ದ ಅಕ್ರೋಟು ನೆಲಕ್ಕೆ ಬಿತ್ತು. ಅಂದದ್ದು ಅಂದಾಗಿತ್ತು.

"ನಿನಗೋಸ್ಕರ ಕಣೇ," ಎಂದರು. "ದಿನಾ ಅದೇ ತಿರುವು ದಾಟಿ ಹೊಲಿಗೆ ಕಾರ್ಖಾನೆಗೆ ಹೋಗ್ತೀಯಲ್ಲ. ಬಸ್ಸು ವಾಪಸ್ ಬರೋವರೆಗೂ ನಾನು ಈ ಕಿಟಕಿ ಬಿಟ್ಟು ಏಳಲ್ಲ. ನೀನೆಲ್ಲಿ ತಿರುಗಿ ನೋಡ್ತೀಯ, ಕಣ್ಣಿದ್ದೂ ಕುರುಡಿ."

ಅವರೇ ಎದ್ದು ಹೋಗಿ, ಹಲ್ಲಿನಿಂದ ಗಂಟು ಬಿಚ್ಚಿ, ಪುಟ್ಟ ಕತ್ತರಿಯನ್ನು ನನ್ನ ಮುಂದೆ ಹಿಡಿದರು. ಉಳಿದವನ್ನು ಬಾಯಿ ತೆರೆಯದಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಏಪ್ರನ್ ಜೇಬಿಗೆ ತುರುಕಿದರು.

"ಬೇಗ ಮುಗ್ಸು. ಅವನು ಹೇಗೆ ಮಾಡ್ತಿದ್ದ?"

ಪಾಶಾನನ್ನು ಟವೆಲಿನಲ್ಲಿ ಸುತ್ತಿ, ಒಂದು ಪಂಜ ಮಾತ್ರ ಹೊರಗೆ ಬಿಟ್ಟು ಅವರ ಮಡಿಲಲ್ಲಿಟ್ಟೆ. "ಹೀಗೆ ಬೆರಳನ್ನ ಮೆಲ್ಲಗೆ ಒತ್ತಿದ್ರೆ ಉಗುರು ಪೂರ್ತಿ ಕಾಣುತ್ತೆ. ಒಳಗೆ ಗುಲಾಬಿ ಬಣ್ಣ ಇದ್ಯಲ್ಲ, ಅಲ್ಲಿ ರಕ್ತ ಇರುತ್ತೆ, ನೋಯುತ್ತೆ. ಅಲ್ಲಿಗೆ ಹೋಗ್ಬಾರ್ದು. ಬಿಳಿ ತುದಿಗೆ ಏನೂ ಗೊತ್ತಾಗಲ್ಲ." ಮಾತು ಅಕ್ಷರಕ್ಕಕ್ಷರ ಲ್ಯುಬೆನ್‌ನದು.

"ಚಟ್" ಎಂದಿತು. ಪಾಶಾ ಗುರ್ರೆಂದ. ತುಂಡು ಏಪ್ರನ್ ಮೇಲೆ ಬಿತ್ತು. ಚರ್ಮದಲ್ಲಿ ಒಂದು ಗುಳಿ ಮಾತ್ರ ಉಳಿದಿತ್ತು, ರಕ್ತವಿರಲಿಲ್ಲ. ಮಿಕ್ಕ ಉಗುರುಗಳ ತುದಿಯನ್ನೂ ಒಂದೊಂದಾಗಿ ತೆಗೆದೆ. ಅತ್ತೆ ಕತ್ತರಿ ಕಿತ್ತುಕೊಂಡು ಮೊದಲಿಗಿಂತ ಬಿಗಿಯಾಗಿ ಕಟ್ಟಿದರು.

"ನಾಳೆ ಬಸ್ಸಿಗೆ ಹೋಗ್ಬೇಡ."

"ಹೋಗ್ದೆ ಆಗುತ್ತಾ ಅತ್ತೆ?"

"ಹಾಗಾದ್ರೆ ಒಂದ್ಸಲ ತಿರುಗಿ ನೋಡು."

ಬೆಳಿಗ್ಗೆ ಬಸ್ಸಿನಿಂದ ತಿರುಗಿ ನೋಡಿದೆ. ಕಿಟಕಿಯಲ್ಲಿ ಅತ್ತೆ ಇದ್ದರು, ಮಡಿಲಲ್ಲಿ ಬೆಕ್ಕು. ಅದರ ಪಂಜವನ್ನು ಎತ್ತಿ ನನಗೆ ತೋರಿಸಿದರು. ತಿರುವು ಬರುವಷ್ಟರಲ್ಲಿ ನನಗೆ ಅಳು ಬಂತು, ಸೆಪ್ಟೆಂಬರಿನಲ್ಲಿ ಬರಬೇಕಿದ್ದ ಅಳು. ಟಿಕೆಟ್ ಕೇಳಲು ಬಂದವನು ಏನೂ ಕೇಳದೆ ಮುಂದಿನ ಸೀಟಿಗೆ ಹೋದ.