ಚಾವಣಿಯ ಮರ ಎಷ್ಟುದ್ದ?

ಗುಂಡ್ಲುಪೇಟೆಯ ಅಂಚಿನಲ್ಲಿರುವ ಪುಟ್ಟಸಿದ್ದಮ್ಮನ ಮನೆಯ ಮಣ್ಣಿನ ಗೋಡೆ ಪ್ರತಿ ಆಷಾಢದಲ್ಲೂ ನೆನೆಯುತ್ತಿತ್ತು. ಸೂರು ಗಿಡ್ಡ. ಗಾಳಿ ಎದ್ದರೆ ಎರಚಲು ನೇರ ಗೋಡೆಗೇ ಬಡಿಯುತ್ತಿತ್ತು. ಮಳೆ ನಿಂತ ಮೇಲೆ ಅವಳು ಮಣ್ಣು ತುಳಿದು, ಸಗಣಿ ಕಲಸಿ, ಕಿತ್ತುಹೋದ ಕಡೆಗೆಲ್ಲ ಮೆತ್ತುವಳು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಗಂಡನಿಗೆ ಹೇಳಿ ದಣಿಯುವುದಕ್ಕಿಂತ ಮೆತ್ತಿ ದಣಿಯುವುದೇ ಸುಲಭ ಎಂದು ಅವಳು ಎಂದೋ ತೀರ್ಮಾನಿಸಿದ್ದಳು.

ಈ ಸಲ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸುವುದೆಂದು ಗಂಡ ಕರಿಬಸವಯ್ಯ ನಿಶ್ಚಯಿಸಿದ್ದ. ಮದ್ದೂರು ಕಾಡಿನಿಂದ ಪರ್ಮಿಟ್ಟಿನ ಮರ ಒಂದು ಗಾಡಿ, ಒಟ್ಟು ಮೂವತ್ತು, ಬಂದಿತ್ತು. ಒಂದೊಂದು ಮರವೂ ಹದಿಮೂರಡಿ ಚಿಲ್ಲರೆ. ತಪ್ಪಾಗಿ ಕೊಯ್ದರೆ ಇನ್ನೊಂದು ಗಾಡಿ ಸಿಗುವ ಹಾಗಿರಲಿಲ್ಲ. ಬಡಗಿ ಅಜ್ಮತ್ ಉಲ್ಲಾ, “ಈ ಹೆಂಚಿಗೆ ಇಳಿಜಾರು ಜಾಸ್ತಿ ಬೇಕು. ನೆತ್ತಿಯ ತೊಲೆ ಗೋಡೆಗಿಂತ ಆರಡಿ ಮೇಲೆ ಕೂರಬೇಕು” ಎಂದಷ್ಟೇ ಹೇಳಿ ಪುಣಜನೂರಿನ ಕೆಲಸಕ್ಕೆ ಹೋಗಿದ್ದ. ಮಾರನೆಯ ಬೆಳಿಗ್ಗೆ ಗರಗಸದವರು ಬರುವವರಿದ್ದರು.

ಕರಿಬಸವಯ್ಯ ಅಳತೆ ಕೋಲು ಹಿಡಿದು ಅಂಗಳದಲ್ಲಿ ನಿಂತ.

“ಮನೆ ಅಗಲ ಹದಿನಾರಡಿ. ಅರ್ಧ ಎಂಟು. ಸೂರಿಗೆ ಎರಡು. ಹತ್ತಡಿ. ಮುಗೀತು.”

“ಹಳೇ ಮರ ಎಷ್ಟುದ್ದ ಇದ್ದೋ?” ಪುಟ್ಟಸಿದ್ದಮ್ಮ ಕೇಳಿದಳು.

“ಅವೂ ಹತ್ತೇಯ. ನಮ್ಮಪ್ಪ ಹಾಕಿದ್ ಲೆಕ್ಕ ಕಣಮ್ಮಿ ಇದು.”

“ಆಗ ನೆತ್ತಿ ತಗ್ಗಿತ್ತು. ಈಗ ಮ್ಯಾಕೆ ಓಯ್ತದೆ. ಮರ ಸಾಕಾದದಾ?”

“ನೆತ್ತಿ ಮ್ಯಾಕೋದ್ರೆ ಮರ ಕುಗ್ಗೋಯ್ತದಾ? ಓಗು, ಒಲೆ ನೋಡು.”

ಅವಳು ಹೋದಳು. ಹಿಟ್ಟು ತೊಳಸುವಾಗ ಮುಂದಿನ ಹದಿನಾಲ್ಕು ವರ್ಷ ಕಣ್ಣಿಗೆ ಬಂತು. ಹೊಸ ಹೆಂಚು, ಅದೇ ಗೋಡೆ, ಅದೇ ಮಣ್ಣು. ಸಿಟ್ಟು ಬರಲಿಲ್ಲ, ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕು. ಪಾತ್ರೆ ಇಳಿಸಿ, ಹಿಂದಿನ ಬೀದಿಗೆ ಹೋಗಿ, ಅಜ್ಮತನ ಹೆಂಡತಿ ರಹೀಮುನ್ನೀಸಾಳನ್ನು ಕರೆತಂದಳು. ಇಪ್ಪತ್ತು ವರ್ಷದಿಂದ ಗಂಡನ ಅಳತೆಗೆ ಜೊತೆ ನಿಂತವಳು ಅವಳು. ಬರುವಾಗ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಅವನ ಮೂಲೆಮಟ್ಟವನ್ನೂ ತಂದಿದ್ದಳು.

“ಏನವ್ವ, ಕೂಲಿ ಅವನಿಗೊಂದು, ನಿಮಗೊಂದಾ?” ಕರಿಬಸವಯ್ಯ ನಕ್ಕ.

“ನಂದು ಬಿಟ್ಟಿ ಬಸವಣ್ಣ. ಅದ್ಕೇ ಯಾರೂ ಕೇಳಲ್ಲ ಬುಡಿ,” ಎಂದಳು ಅವಳು. “ಅಕ್ಕಯ್ಯ, ಒಂದಿಷ್ಟು ಬೂದಿ, ಒಂದು ಹಗ್ಗ ಕೊಡಿ.”

ನೆಲದ ಮೇಲೆ ಎಂಟಡಿಯ ಗೆರೆಯನ್ನು ಬೂದಿಯಲ್ಲಿ ಎಳೆದಳು. “ಇದು ಮನೆಯ ಅರ್ಧ ಅಗಲ.” ಅದರ ಒಂದು ತುದಿಗೆ ಮೂಲೆಮಟ್ಟ ಇಟ್ಟು, ನೆಟ್ಟಗೆ ಆರಡಿಯ ಇನ್ನೊಂದು ಗೆರೆ ಎಳೆದಳು. “ಇದು ನೆತ್ತಿಯ ಎತ್ತರ. ಮೂಲೆ ಸೊಟ್ಟಗಾದ್ರೆ ಲೆಕ್ಕಾನೇ ಸುಳ್ಳು.” ಆಮೇಲೆ ನೆತ್ತಿಯ ತುದಿಯಿಂದ ಎಂಟಡಿ ಗೆರೆಯ ಇನ್ನೊಂದು ತುದಿಗೆ, ಅಂದರೆ ಗೋಡೆ ಬರುವ ಕಡೆಗೆ, ಹಗ್ಗ ಬಿಗಿದು, ಒಂದು ಕಡೆ ತಾನು, ಒಂದು ಕಡೆ ಪುಟ್ಟಸಿದ್ದಮ್ಮ ಹಿಡಿದರು.

“ಮರ ಮಲಗೋ ದಾರಿ ಇದು. ನೀವೇ ಅಳೀರಿ ಬಸವಣ್ಣ.”

ಅವನು ಅಳೆದ. ಮುಖ ಅರಳಿತು.

“ನೋಡಿದ್ರಾ! ಹತ್ತೇಯ!”

“ಹತ್ತು ಗೋಡೆ ತಲೆಗಂಟ ಬಂತು. ಸೂರೆಲ್ಲಿ?” ಎಂದಳು ಪುಟ್ಟಸಿದ್ದಮ್ಮ.

ಕರಿಬಸವಯ್ಯ ಹಗ್ಗದ ಕೊನೆ ನೋಡಿದ. ಅಲ್ಲಿಂದಾಚೆ ಬರೀ ನೆಲ. ಮತ್ತೆ ಅಳೆದ. ಹತ್ತೇ.

“ಅಂಗಾರೆ ನಮ್ಮಪ್ಪನ ಲೆಕ್ಕ ಸುಳ್ಳಾ?” ದನಿ ತಗ್ಗಿತ್ತು.

“ಸುಳ್ಳಲ್ಲಣ್ಣ,” ಎಂದಳು ರಹೀಮುನ್ನೀಸಾ. “ಆ ಚಾವಣಿ ತಗ್ಗು, ಅದ್ಕೆ ನಡೀತು. ನೆತ್ತಿ ಏರಿದಷ್ಟೂ ಮರ ಉದ್ದ ಬೇಕು. ನಮ್ಮನೆಯವರು ಇದನ್ನೇ ಹಲಗೆ ಮೇಲೆ ಬರೀತಾರೆ. ಎಂಟೆಂಟ್ಲೆ ಅರವತ್ನಾಕು, ಆರಾರ್ಲೆ ಮೂವತ್ತಾರು, ಕೂಡಿದ್ರೆ ನೂರು. ಹತ್ತತ್ಲೆ ನೂರು. ಅದ್ಕೇ ಹತ್ತಡಿ. ಸೂರು ಬೇರೆ ಸೇರಿಸ್ಬೇಕು.”

“ಸರಿ, ಎರಡಡಿ ಸೇರಿಸ್ಬುಡನ. ಹನ್ನೆರಡು.”

“ಮೂರು,” ಎಂದಳು ಪುಟ್ಟಸಿದ್ದಮ್ಮ. “ಎರಡಡಿ ಸೂರಿನ ಪಾಡು ನಾನು ಕಂಡಿವ್ನಿ. ಗೋಡೆ ಮೆತ್ತೋಳು ನಾನು.”

“ಮಿಕ್ಕಿದ್ ತುಂಡಲ್ಲಿ ದನ ಕಟ್ಟೋ ಗೂಟ ಮಾಡನ ಅಂತಿದ್ನಲ್ಲಮ್ಮಿ.”

“ಮೂವತ್ತು ಗೂಟಕ್ಕೆ ನಮ್ಮತ್ರ ಇರೋವು ಎರಡು ದನ.”

ರಹೀಮುನ್ನೀಸಾ ಸೆರಗು ಬಾಯಿಗಿಟ್ಟುಕೊಂಡಳು. ಕರಿಬಸವಯ್ಯನಿಗೂ ನಗು ತಡೆಯಲಾಗಲಿಲ್ಲ.

ಬೆಳಿಗ್ಗೆ ಗರಗಸದವರಿಗೆ ಅವನು “ಹದಿಮೂರಡಿ” ಎಂದ. ಯಾರ ಲೆಕ್ಕ ಎಂದು ಹೇಳಲಿಲ್ಲ. ಮೊದಲು ಒಂದೇ ಜೋಡಿ ಕೊಯ್ಯಿಸಿ, ಮೇಲೇರಿಸಿ, ಸೂರು ಗೋಡೆ ದಾಟಿ ಮುಂದೆ ಬಂದದ್ದನ್ನು ನೋಡಿದ ಮೇಲೆ ಉಳಿದವಕ್ಕೆ ಗರಗಸ ಹಾಕಿಸಿದ. ಪುಟ್ಟಸಿದ್ದಮ್ಮ ಜಗಲಿಯಲ್ಲಿ ಕುಳಿತು ನೋಡುತ್ತಿದ್ದಳು. ಏಳಬೇಕು ಅನ್ನಿಸಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕುಳಿತಳು.

ಮನೆ ಕಟ್ಟುವ ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಚಾವಣಿಯ ಅಳತೆಯನ್ನು ಹೊಸ ಚಾವಣಿಗೆ ಹಾಕಬೇಡಿ. ಅರ್ಧ ಅಗಲವನ್ನೂ ನೆತ್ತಿಯ ಎತ್ತರವನ್ನೂ ನೆಲದ ಮೇಲೆ ಬರೆದು, ಓರೆಯಾಗಿ ಹಗ್ಗ ಹಿಡಿದು ಅಳೆಯಿರಿ. ಸೂರನ್ನು ಆಮೇಲೆ ಕೂಡಿಸಿ. ಒಂದು ಜೋಡಿ ಕೊಯ್ದು ನೋಡಿ, ಉಳಿದದ್ದನ್ನು ಕೊಯ್ಯಿರಿ. ಆ ಲೆಕ್ಕಕ್ಕೆ ಮನೆಯ ಹೆಂಗಸನ್ನೂ ಕರೆಯಿರಿ. ಆ ಚಾವಣಿಯ ಕೆಳಗೆ ದಿನದ ಹೆಚ್ಚು ಹೊತ್ತು ಇರುವವಳು ಅವಳು.