ಗೂಟದ ಕಣ್ಣು

"ಕತ್ತೆ ಮುಂಡೆ! ಕಣ್ಣು ಕುರುಡಾ ನಿಂಗೆ? ಇದು ಹಗ್ಗ ಕಟ್ಟೋ ಗೂಟ ಅಂದ್ಕೊಂಡ್ಯಾ?"

ಬಂದರು ಕಂಪನಿಯ ಸಾಹೇಬ, ಊರವರ ಬಾಯಲ್ಲಿ ಬ್ವಾನಾ ಮಸಾವೆ, ದೋಣಿಯಲ್ಲಿ ನಿಂತೇ ಕೂಗುತ್ತಿದ್ದ. ಜುವೇನಾ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು. ಕಡಲಪಾಚಿ ಕಟ್ಟಿದ ಹಗ್ಗದ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಹಳದಿ ಬಣ್ಣದ ಕಬ್ಬಿಣದ ಗೂಟದಲ್ಲಿ.

ಊರ ಹೆಂಗಸರ ಕೆಲಸವೇ ಅದು. ಇಳಿತದ ಹೊತ್ತಿಗೆ ಕಡಲಿಗಿಳಿದು, ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು, ಪಾಚಿಯ ತುಣುಕು ಕಟ್ಟಿ ಬೆಳೆಸುವುದು. ಗಟ್ಟಿ ಗೂಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಗೂಟಕ್ಕೆ ನೀರೊಳಗೆ ಒಂದು ಗಾಜಿನ ಕಣ್ಣಿದೆ, ಅದು ಕಡಲಿನ ಕೆಸರನ್ನು ಕಾಯುತ್ತದೆ, ಕೆಸರು ಮಿತಿ ಮೀರಿತೆಂದು ಅದು ಹೇಳಿದರೆ ಹೂಳೆತ್ತುವ ಹಡಗು ನಿಲ್ಲಲೇಬೇಕು ಎಂದು ಮಸಾವೆ ಇಂದು ಕೂಗಾಡುವವರೆಗೆ ಅವಳಿಗೆ ಯಾರು ಹೇಳಿದ್ದರು? ಪಾಚಿ ಬೆಳೆದು ಕಣ್ಣಿಗೆ ಅಡ್ಡ ಬಂತು. ಕಣ್ಣು ಕೆಸರೆಂದಿತು. ಹಡಗು ಬೆಳಗಿನಿಂದ ದಂಡಕ್ಕೆ ನಿಂತಿತ್ತು.

"ತಪ್ಪಾಯ್ತು ಬ್ವಾನಾ. ನಮ್ ಪಾತೀಲಿ ಪಾಚಿ ಎಲ್ಲ ಬೆಳ್ಳಗಾಗಿ ಕೊಳ್ತೋಯ್ತು. ಬರೀ ರಾಡಿ ನೀರು. ಇಲ್ಲಾದ್ರೆ ನೀರು ತಿಳಿಯಾಗಿ ಅದೆ ಅಂತ ಹಗ್ಗ ತಂದ್ ಕಟ್ದೆ."

ದೋಣಿಯಲ್ಲಿದ್ದ ಕಾವಲುಗಾರ ಕಿಸಕ್ಕನೆ ನಕ್ಕ. ಮಸಾವೆ ನಗಲಿಲ್ಲ. ಹಡಗು ಎಬ್ಬಿಸುವ ರಾಡಿ ಬಾರದ ಮಗ್ಗುಲು ಹುಡುಕಿ ಗೂಟ ನೆಡಿಸಿದವನು ಅವನೇ.

"ಬಾಯಿ ಮುಚ್ಚು. ಹಗ್ಗ ಬಿಚ್ಚಿ ಆ ಗಾಜು ಒರೆಸು."

ಅವಳು ಬಗ್ಗಿ ಅಂಗೈಯಲ್ಲಿ ಒರೆಸಹೋದಳು.

"ಆ ಒರಟು ಕೈಯಲ್ಲಲ್ಲ, ಗೀರು ಬೀಳುತ್ತೆ. ತಲೆ ಮೇಲಿನ ಬಟ್ಟೆ ತೆಗಿ. ಅದ್ರಲ್ಲಿ ಒರೆಸು."

ದಡದಲ್ಲಿ ಊರಿಗೆ ಊರೇ ನಿಂತಿತ್ತು. ಊರ ಹಿರಿಯ ಅಧಿಕಾರಿ ಶೆಹಾ ತಲೆ ತಗ್ಗಿಸಿ ಜಪಮಣಿ ಎಣಿಸತೊಡಗಿದ. ಜುವೇನಾ ದೊಡ್ಡವಳಾದಂದಿನಿಂದ ಪರಗಂಡಸರು ಅವಳ ಕೂದಲು ಕಂಡಿರಲಿಲ್ಲ. ಬಟ್ಟೆ ತೆಗೆದಳು. ಒರೆಸಿದಳು. ನಾಚಿಕೆಗಿಂತ ಭಯವೇ ದೊಡ್ಡದಾಗಿತ್ತು.

"ಶೆಹಾ, ನಾಳೆಯಿಂದ ಒಬ್ಬ ಹೆಂಗಸೂ ಈ ನೀರಿಗೆ ಇಳೀಬಾರ್ದು. ಇಳಿದ್ರೆ ಜೈಲು!"

"ಆಗ್ಲಿ ಬ್ವಾನಾ," ಎಂದ ಶೆಹಾ. ಹೆಂಗಸರ ಕಡೆ ತಿರುಗಿ, "ಸರ್ಕಾರದ ಕೆಲ್ಸ ಕಣ್ರವ್ವ. ದೇವ್ರು ಬೇರೆ ದಾರಿ ತೋರಿಸ್ತಾನೆ," ಎಂದ.

"ಯಾವ್ ದಾರಿನಪ್ಪ? ನಿನ್ನ ಅಡ್ಗೆಮನೆ ದಾರಿಯಾ?" ಜುವೇನಾಳ ಅತ್ತೆ ಬಿ ಪಿಲಿ ಮರಳಿಗೆ ಉಗಿದಳು. "ಥೂ, ನಿನ್ ಗಡ್ಡಕ್ಕೆ ಬೆಂಕಿ ಬೀಳ!"

ಮನೆಯಲ್ಲಿ ಬೇಯಿಸಿದ ಮರಗೆಣಸು ಬಿಟ್ಟರೆ ಏನೂ ಇರಲಿಲ್ಲ. ಜುವೇನಾ ಅದನ್ನೂ ಪಕ್ಕಕ್ಕೆ ಸರಿಸಿದಳು.

"ಭಯ ಆಯ್ತದೆ ಅತ್ತೆ."

"ನಂಗೇನ್ ಆಗಲ್ವಾ? ನೀರು ಮುಚ್ಚುದ್ರೆ ಏನ್ ಉಣ್ಣಾದು ಅಂತ ಅದ್ಕಿಂತ ಭಯ ಆಯ್ತದೆ."

"ನಮ್ ಪಾತೀಲಿ ಅಷ್ಟು ರಾಡಿ ಅದೆ. ಆ ಗೂಟಕ್ಕೆ ಮಾತ್ರ ಕಾಣಲ್ವಲ್ಲ."

"ಕಾಣಂಗೆ ಮಾಡೋರ್ ಯಾರಿದ್ದಾರೆ, ಉಣ್ಣು ಸುಮ್ನೆ."

ಮರುದಿನ ಇಳಿತದಲ್ಲಿ ಜುವೇನಾ ತನ್ನ ಪಾತಿಗೆ ಹೋದಳು. ಪಾಚಿ ತುಂಬುವ ಚೀಲಕ್ಕೆ ಅಲ್ಲಿನ ಬೂದು ಕೆಸರು ಬಾಚಿ ತುಂಬಿದಳು. ಗೂಟದ ಬಳಿ ಹೋಗುವಷ್ಟರಲ್ಲಿ ಭಯಕ್ಕೆ ನೀರಿನಲ್ಲೇ ಉಚ್ಚೆ ಹೋಯಿತು. ಚೀಲವನ್ನು ಗಾಜಿನ ಕಣ್ಣಿಗೆ ಒತ್ತಿ, ಹಗ್ಗದಿಂದ ಸುತ್ತು ಹಾಕಿ ಬಿಗಿದಳು.

ಸ್ವಲ್ಪ ಹೊತ್ತಿಗೆ ಹಡಗಿನ ಗುಡುಗಾಟ ನಿಂತಿತು.

ಓಡಿಹೋಗಬೇಕೆನಿಸಿತು. ಓಡಿದರೆ ಅವರು ಬಿಚ್ಚಿ ಎಸೆಯುತ್ತಾರೆ, ಅಷ್ಟೆ. ಅವಳು ಚೀಲದ ಸಮೇತ ಗೂಟವನ್ನು ತಬ್ಬಿ ನಿಂತಳು. ಉಬ್ಬರ ಶುರುವಾಗಿತ್ತು. ನೀರು ಎದೆಗೆ ಬರುವ ಹೊತ್ತಿಗೆ ದೋಣಿ ಬಂತು.

"ಬಿಚ್ಚೇ!" ಎಂದ ಮಸಾವೆ.

"ಇಳ್ದು ಬಿಚ್ಕಳಿ ಬ್ವಾನಾ." ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಕಾವಲುಗಾರ ಅಂಗಿ ಕಳಚತೊಡಗಿದ. ಮಸಾವೆ ಅವನ ಭುಜ ಹಿಡಿದು ಕೂರಿಸಿದ.

"ಇವಳಿಗೆ ಈಜು ಬರುತ್ತಾ?"

"ಇಲ್ಲಿ ಹೆಂಗಸ್ರು ಯಾರ್ಗೂ ಬರಲ್ಲ ಬ್ವಾನಾ."

"ಹಾಗಾದ್ರೆ ಕೂತ್ಕೋ. ನೀರೇ ಬಿಡಿಸುತ್ತೆ."

ಎಂಜಿನ್ ಆರಿಸಿದರು. ಮಸಾವೆ ಸಿಗರೇಟು ಹಚ್ಚಿದ. ದಡದಿಂದ ಅತ್ತೆಯ ಕೂಗು ಕೇಳಿತು. "ಬಿಡ್ಬೇಡ ಕಣೇ, ಬಿಡ್ಬೇಡ!" ನೀರು ಜುವೇನಾಳ ಕುತ್ತಿಗೆ ಮುಟ್ಟಿತು. ಅತ್ತೆಯ ಕೂಗು ಬದಲಾಯಿತು. "ಬಿಟ್ಬಿಡೇ ನನ್ನವ್ವ, ಸತ್ತೋಯ್ತೀಯ, ಬಿಟ್ಬಿಡೇ!"

ಅವಳು ಕತ್ತೆತ್ತಿ ಮುಖ ಮೇಲೆ ಮಾಡಿದಳು. ಕೈ ಬಿಡಲಿಲ್ಲ.